ರುಜು ಹಾಕುವುದಕ್ಕೆ ಮುಂಚೆ

ನಮ್ಮ ಚಿಂತಾಮಣಿಯ ಸೀಮೆಯಲ್ಲಿ ಉಪಾಧ್ಯಾಯನಾದವನಿಗೆ ಪಾಠ ಹೇಳುವುದೊಂದೇ ಕೆಲಸವಲ್ಲ. ಬಂದ ಕಾಗದವನ್ನು ಓದಿ ಹೇಳುವುದು, ಅರ್ಜಿ ಬರೆದುಕೊಡುವುದು, ಲಗ್ನಪತ್ರಿಕೆಯ ಒಕ್ಕಣೆಯನ್ನು ತಿದ್ದುವುದು, ಇವೆಲ್ಲವೂ ಅವನ ಪಾಲಿಗೆ ಬಂದವುಗಳೇ. ನಾನು ನಿವೃತ್ತನಾದ ಮೇಲೂ ಈ ಅಧಿಕಾರವನ್ನು ಯಾರೂ ನನ್ನಿಂದ ಕಿತ್ತುಕೊಂಡಿಲ್ಲ. ಈಚೆಗೆ ಶ್ರಾವಣಮಾಸದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ, ಸೆರಗಿನಲ್ಲಿ ಸುತ್ತಿಕೊಂಡಿದ್ದ ಕಾಗದವೊಂದನ್ನು ತಂದು ನನ್ನ ಮುಂದಿಟ್ಟಳು. ಆಕೆಯ ತವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಮಾತು ತೆಲುಗು; ಕನ್ನಡವನ್ನು ಆಡಬಲ್ಲಳೇ ಹೊರತು ಓದಬಲ್ಲವಳಲ್ಲ.

“ನಾಳೆ ರಿಜಿಸ್ಟ್ರಾರ್ ಆಫೀಸಿಗೆ ಬಾ ಅಂತ ನಮ್ಮಣ್ಣ ಹೇಳವ್ನೆ ಸ್ವಾಮಿ. ರುಜು ಹಾಕಿದರೆ ಅರಿಶಿನ ಕುಂಕುಮಕ್ಕೆ ಅಂತ ಹತ್ತು ಸಾವಿರ ಕೊಡ್ತಾರಂತೆ, ಒಂದು ರೇಷ್ಮೆ ಸೀರೇನೂ ಅಂತೆ. ಇದರಲ್ಲಿ ಏನು ಬರೆದದೆ, ಓದಿ ಹೇಳಿ” ಎಂದಳು.

ಓದಿದೆನು. ಅದು ಹಕ್ಕು ಬಿಡುಗಡೆ ಪತ್ರ. ಸ್ವಸ್ಥಚಿತ್ತಳಾಗಿ, ಯಾರ ಬಲವಂತಕ್ಕೂ ಒಳಗಾಗದೆ, ಪಿತ್ರಾರ್ಜಿತವಾದ ಮೂರು ಎಕರೆ ಬೆದ್ದಲು ಮತ್ತು ಅರ್ಧ ಎಕರೆ ಹಿಪ್ಪುನೇರಳೆ ತೋಟದಲ್ಲಿ ತನಗಿರುವ ಸಮಸ್ತ ಹಕ್ಕುಬಾಧ್ಯತೆಗಳನ್ನೂ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿರುವುದಾಗಿ ಆಕೆಯ ಬಾಯಲ್ಲಿ ಹೇಳಿಸಿದ್ದ ಬರೆಹ. ವಿಷಯವೇನೆಂದರೆ, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಆರಂಭವಾದಂದಿನಿಂದ ಈ ಕಡೆಯ ನೆಲಕ್ಕೆ ಬೆಂಗಳೂರಿನ ಕಣ್ಣು ಬಿದ್ದಿದೆ. ರಸ್ತೆಯ ಬದಿಯ ಒಂದೆಕರೆಯನ್ನು ಕೊಳ್ಳಬಂದವನು, ಹೆಣ್ಣುಮಕ್ಕಳ ರುಜು ಇಲ್ಲದೆ ಮುಂಗಡ ಕೊಡುವುದಿಲ್ಲವೆಂದು ಹೇಳಿದ್ದನು. ತವರಿನವರಿಗೆ ತಂಗಿಯ ನೆನಪು ಬಂದುದು ಆಗ.

ಆ ಕಾಗದವನ್ನು ಓದುವಾಗ ನನ್ನ ಕೈ ನಡುಗಿತೆಂದರೆ ವಾಚಕರು ನಂಬಬೇಕು. ಅಂಥದೇ ಕಾಗದವೊಂದನ್ನು 1996ರಲ್ಲಿ ನಾನೇ ಬರೆದಿದ್ದೆನು. ನಮ್ಮ ತಂದೆಯವರು ತೀರಿಕೊಂಡ ಮರುವರ್ಷ, ನನ್ನ ತಂಗಿಯಿಂದ ರುಜು ಹಾಕಿಸಿಕೊಳ್ಳುವುದಕ್ಕಾಗಿ. ಒಕ್ಕಣೆ ನಿರ್ದುಷ್ಟವಾಗಿತ್ತು, ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಅವಳು ಏನೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ತಾಯಿ, ನಾಳೆ ಹೋಗಬೇಡಿ. ಮೈ ಸರಿಯಿಲ್ಲವೆಂದು ಹೇಳಿಕಳುಹಿಸಿ. ನಾಡಿದ್ದು ನಾವಿಬ್ಬರೂ ಶಿಡ್ಲಘಟ್ಟದ ಕೋರ್ಟಿಗೆ ಹೋಗಿಬರೋಣ” ಎಂದೆನು. ಕೋರ್ಟೆಂಬ ಶಬ್ದವನ್ನು ಕೇಳಿದೊಡನೆ ಆಕೆ ಹೌಹಾರಿದಳು. “ಕೋರ್ಟಿಗೆ ಹೋದರೆ ತವರಿನ ಬಾಗಿಲು ಮುಚ್ಚೋಗ್ತದೆ ಸ್ವಾಮಿ. ಗೌರಿಹಬ್ಬಕ್ಕೆ ಬಾಗಿನ ಯಾರು ತರ್ತಾರೆ? ವಕೀಲರಿಗೆ ಕೊಡೋಕೆ ನನ್ನ ಹತ್ತಿರ ಏನದೆ?” ಎಂದಳು. ಈ ಎರಡು ಭಯಗಳಲ್ಲಿ ಎರಡನೆಯದಕ್ಕೆ ನನ್ನಲ್ಲಿ ಉತ್ತರವಿತ್ತು. ಮೊದಲನೆಯದಕ್ಕೆ ಇರಲಿಲ್ಲ.

ಎರಡನೆಯದರ ಉತ್ತರವನ್ನು ಗೃಹಸ್ಥರೆಲ್ಲರೂ ತಿಳಿದಿರತಕ್ಕದ್ದು. 1976ರ ಸಂವಿಧಾನದ ತಿದ್ದುಪಡಿಯಿಂದ, ಬಡತನದ ಕಾರಣವಾಗಿ ಯಾರಿಗೂ ನ್ಯಾಯ ತಪ್ಪಬಾರದೆಂಬ ಕರ್ತವ್ಯವು ಸರ್ಕಾರದ ಮೇಲೆ ಬಿದ್ದಿತು. ಅದಕ್ಕಾಗಿ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಾಗಿ, 1995ರ ನವೆಂಬರ್ 9ರಿಂದ ಆಚರಣೆಗೆ ಬಂದಿತು. ಅದರಂತೆ ಜಿಲ್ಲೆಗೊಂದು ಪ್ರಾಧಿಕಾರ, ಅದಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ತಾಲ್ಲೂಕಿಗೊಂದು ಸಮಿತಿ, ಅದಕ್ಕೆ ಅಲ್ಲಿಯ ಹಿರಿಯ ನ್ಯಾಯಾಧೀಶರು ಅಧ್ಯಕ್ಷರು. 2007ಕ್ಕೆ ಮುಂಚೆ ನಾವೆಲ್ಲರೂ ಕೋಲಾರ ಜಿಲ್ಲೆಯವರಾಗಿದ್ದಾಗ, ಗೌರಿಬಿದನೂರಿನವನೊಬ್ಬನು ಜಿಲ್ಲಾ ಕೇಂದ್ರವನ್ನು ಮುಟ್ಟಬೇಕಾದರೆ ಒಂದು ಹಗಲೇ ಬೇಕಾಗುತ್ತಿತ್ತು. ಈಗ ಜಿಲ್ಲಾ ಕೇಂದ್ರವು ಚಿಕ್ಕಬಳ್ಳಾಪುರ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ತಾಲ್ಲೂಕಿನ ಕೋರ್ಟಿನಲ್ಲಿಯೇ ವಿಚಾರಿಸಬಹುದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು, ಬಂಧನದಲ್ಲಿರುವವರು, ಇವರಿಗೆ ಆದಾಯವೆಷ್ಟೆಂದು ಕೇಳದೆ ಉಚಿತವಾಗಿ ವಕೀಲರನ್ನು ಕೊಡತಕ್ಕದ್ದು. ಮಿಕ್ಕವರಿಗೆ ಸರ್ಕಾರ ಗೊತ್ತುಮಾಡಿದ ಆದಾಯದ ಮಿತಿಯುಂಟು. ವಕೀಲರ ಫೀಸು ಮಾತ್ರವಲ್ಲ, ಕೋರ್ಟಿನ ಶುಲ್ಕ, ನಕಲುಗಳ ಖರ್ಚುಗಳೂ ಅದರಲ್ಲಿ ಸೇರಿವೆ. ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ಬರೆಯಲಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು.

ಇಷ್ಟಿದ್ದರೂ ಜನರು ಮೊದಲು ಹೋಗುವುದು ಕಚೇರಿಯ ಹೊರಗೆ ಕಾಫಿಯ ಅಂಗಡಿಯಲ್ಲಿ ಕುಳಿತಿರುವ ದಲ್ಲಾಳಿಯ ಬಳಿಗೆ. ಅವನು ಇವರಿಗೆ ಗೊತ್ತಿರುವ ಮುಖ, ಅಷ್ಟೆ.

ಶಿಡ್ಲಘಟ್ಟದಲ್ಲಿ ನಮಗೆ ಗೊತ್ತುಮಾಡಿಕೊಟ್ಟ ವಕೀಲರು ಒಬ್ಬ ತರುಣಿ. ಆಕೆ ಕಾನೂನನ್ನು ಹೇಳುವುದಕ್ಕೆ ಮೊದಲು ಪ್ರಶ್ನೆಗಳನ್ನು ಕೇಳಿದಳು. ಜಮೀನು ತಾತನಿಂದ ಬಂದುದೋ, ತಂದೆಯ ಸ್ವಯಾರ್ಜಿತವೋ? ತಂದೆ ತೀರಿಕೊಂಡುದು ಯಾವಾಗ? ಮದುವೆ ಯಾವ ವರ್ಷ? ಹಿಂದೆ ಪಾಲಾಗಿತ್ತೇ, ಆಗಿದ್ದರೆ ರಿಜಿಸ್ಟರಾಗಿತ್ತೇ? ಪಹಣಿಯಲ್ಲಿ ಯಾರ ಹೆಸರಿದೆ? ಮದುವೆ 1990ರಲ್ಲಿ, ತಂದೆಯ ಮರಣ 2001ರಲ್ಲಿ, 2003ರಲ್ಲಿ ಊರ ಹಿರಿಯರ ಮುಂದೆ ಅಣ್ಣತಮ್ಮಂದಿರು ಬಿಳಿಯ ಕಾಗದದ ಮೇಲೆ ಒಂದು ಪಾಲುಪಟ್ಟಿ ಮಾಡಿಕೊಂಡಿದ್ದರು. ರಿಜಿಸ್ಟರಾಗಿರಲಿಲ್ಲ; ಖಾತೆ ತಂದೆಯ ಹೆಸರಿನಲ್ಲಿಯೇ ಇತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಸಂಸ್ಕೃತವನ್ನು ಓದಿದವನಾದುದರಿಂದ ಈ ಮಾತನ್ನು ಹೇಳದೆ ಇರಲಾರೆ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತದೆಂಬ ಸಿದ್ಧಾಂತವನ್ನು ಸ್ಥಾಪಿಸಿದ ಮಿತಾಕ್ಷರೆಯು ರಚಿತವಾದುದು ನಮ್ಮ ಕಲ್ಯಾಣದಲ್ಲಿಯೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಜನ್ಮಸ್ವತ್ವವು ಗಂಡಿಗೆ ಮಾತ್ರವೆಂದು ನಡೆದುಬಂದಿತು, ನಿಜ. ಆದರೆ ಅದೇ ವಿಜ್ಞಾನೇಶ್ವರನು ಸಪಿಂಡವೆಂಬ ಪದಕ್ಕೆ ಶ್ರಾದ್ಧದ ಪಿಂಡವೆಂದು ಅರ್ಥ ಮಾಡದೆ, ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರೆಂದು ಅರ್ಥ ಮಾಡಿದ್ದಾನೆ. ಆ ಅಂಶಗಳು ಮಗಳಲ್ಲಿ ಕಡಮೆಯಾಗಿರುತ್ತವೆಯೇ? ಸ್ತ್ರೀಧನದಲ್ಲಿ ದಾಯವಾಗಿ ಬಂದುದನ್ನೂ ವಿಭಾಗದಿಂದ ಬಂದುದನ್ನೂ ಸೇರಿಸಿದವನೂ ಅವನೇ. ಹೆಣ್ಣಿಗೆ ಪಾಲು ಕೊಡುವುದು ಶಾಸ್ತ್ರವಿರುದ್ಧವೆಂದು ನನ್ನೊಡನೆ ವಾದಿಸಿದವರಲ್ಲಿ ಈ ಗ್ರಂಥವನ್ನು ತೆರೆದು ನೋಡಿದವರು ಒಬ್ಬರೂ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಾಗಿತ್ತು. 1956ರ ಉತ್ತರಾಧಿಕಾರ ಕಾಯಿದೆಯಿಂದ, ತೀರಿಕೊಂಡ ತಂದೆಯ ಪಾಲಿನಲ್ಲಿ ಮಗಳಿಗೂ ಅಂಶ ಬಂದಿತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿಯು ಮಗಳನ್ನು ಮಗನಂತೆಯೇ ಹುಟ್ಟಿನಿಂದ ಸಹಭಾಗಿನಿಯನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನೂ ತೆಗೆದುಹಾಕಿತು. ತಂದೆಯು ಆ ದಿನ ಬದುಕಿರಬೇಕೇ ಬೇಡವೇ ಎಂಬ ಸಂಶಯ ಉಳಿದಿದ್ದುದನ್ನು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಎಂಬುವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬದುಕಿರಬೇಕಾದುದಿಲ್ಲವೆಂದು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರಾದ ವಿಭಾಗಪತ್ರ ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾಗಿದ್ದರೆ ಅದು ಕೆಡುವುದಿಲ್ಲ. ಬಾಯಿಮಾತಿನ ಪಾಲನ್ನು ಸರ್ಕಾರಿ ದಾಖಲೆಗಳ ಬಲವಿಲ್ಲದೆ ಸುಲಭವಾಗಿ ಒಪ್ಪತಕ್ಕದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಬೆಲ್ಲದ ಡಬ್ಬಿಯೊಳಗೆ ಮಡಿಸಿಟ್ಟಿರುವ ಪಾಲುಪಟ್ಟಿಗಳ ಗತಿಯು ಇದರಿಂದ ಏನಾದೀತೆಂಬುದನ್ನು ಗೃಹಸ್ಥರು ಯೋಚಿಸಬೇಕು. ಖಾತೆಯಲ್ಲಿ ಹೆಸರಿದೆಯೆಂದು ನಿಶ್ಚಿಂತರಾಗಿರುವವರೂ ಯೋಚಿಸಬೇಕು: ಖಾತೆಯು ಕಂದಾಯಕ್ಕೆ ಹೊಣೆ ಯಾರೆಂಬುದನ್ನು ಹೇಳುತ್ತದೆಯೇ ಹೊರತು ಒಡೆತನವನ್ನು ಸೃಷ್ಟಿಸುವುದಿಲ್ಲ.

ಹೀಗಾಗಿ ಮೂವರು ಮಕ್ಕಳಲ್ಲಿ ಆಕೆಗೂ ಸಮಪಾಲು, ಸುಮಾರು ನಲವತ್ತಾರೂವರೆ ಗುಂಟೆ. ಪಹಣಿ, ಋಣಭಾರ ಪತ್ರ, ವಂಶವೃಕ್ಷ, ತಂದೆಯ ಮರಣಪತ್ರ, ಇವುಗಳನ್ನು ಕೂಡಿಸಲು ಮೂರು ವಾರ ಹಿಡಿಯಿತು. ದಾವೆ ಹೂಡುವುದಕ್ಕೆ ಮೊದಲೇ ಸಮಿತಿಯ ಮೂಲಕ ಅಣ್ಣತಮ್ಮಂದಿರಿಗೆ ತಿಳಿವಳಿಕೆ ಕಳುಹಿಸಿ, ಲೋಕ ಅದಾಲತ್ತಿನ ಮುಂದೆ ಕೂಡಿಸಿ ಮಾತನಾಡಿಸಬಹುದೆಂದು ವಕೀಲರು ಹೇಳಿದರು. ದಾವೆಯೆಂಬ ಹೆಸರಿಲ್ಲದುದರಿಂದ ಆಕೆಯ ಜೀವಕ್ಕೆ ಸ್ವಲ್ಪ ನೆಮ್ಮದಿಯಾಯಿತು.

ಆದರೆ ನಡುವೆ ಒಂದು ಅಪಘಾತವಾಯಿತು. ನನ್ನ ಶಿಷ್ಯನು, ತಾಯಿಯ ಪರವಾಗಿ ಪೌರುಷ ತೋರಿಸಬೇಕೆಂದು, ತವರೂರಿಗೆ ಹೋಗಿ ಹಗ್ಗ ಹಿಡಿದು ಜಮೀನನ್ನು ಅಳೆಯಲು ನಿಂತನು. ಸೋದರಮಾವನ ಮಗನೊಡನೆ ಮಾತಿಗೆ ಮಾತು ಬೆಳೆದು ಕೈಮಿಲಾಯಿಸಿದರು. ಆ ರಾತ್ರಿಯೇ ಠಾಣೆಯಲ್ಲಿ ದೂರು ಬಿದ್ದಿತು. ಭೂಮಿಯ ಜಗಳಗಳಲ್ಲಿ ಹೀಗಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಕ್ಕಿರುವವನೇ ಕೈಯೆತ್ತಿ ಆರೋಪಿಯಾಗುತ್ತಾನೆ. ಜಮೀನು ಯಾರದೆಂದು ತೀರ್ಮಾನಿಸುವ ಅಧಿಕಾರ ಪೊಲೀಸರಿಗಿಲ್ಲ. ಏಟು ಯಾರು ಕೊಟ್ಟರೆಂಬುದನ್ನು ಮಾತ್ರ ಅವರು ನೋಡುತ್ತಾರೆ.

ಠಾಣೆಯ ವಿಷಯದಲ್ಲಿ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. 2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಬಂದಿದೆ. ಪೊಲೀಸರು ಗಮನಕ್ಕೆ ತೆಗೆದುಕೊಳ್ಳತಕ್ಕ ಅಪರಾಧವಾದರೆ, ಅದು ನಡೆದ ಸ್ಥಳ ಯಾವ ಠಾಣೆಯ ಸರಹದ್ದಿನದಾದರೂ ದೂರನ್ನು ದಾಖಲಿಸಿಕೊಂಡು ಅದರ ನಕಲನ್ನು ಉಚಿತವಾಗಿ ಕೊಡತಕ್ಕದ್ದು. ದಾಖಲಿಸಿಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯ ಮೂಲಕ ಬರೆಯಬಹುದು. ಅದರಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿ ತನಗೆ ವಕೀಲರಿಲ್ಲವೆಂದರೆ ಸರ್ಕಾರದ ಖರ್ಚಿನಲ್ಲಿ ಕೊಡುತ್ತಾರೆ. ನನ್ನ ಶಿಷ್ಯನಿಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಹೊಡೆದಾಟ ಅಲ್ಪದ್ದಾಗಿ, ರಾಜಿಯಾಗತಕ್ಕ ಸ್ವರೂಪದ್ದಾದುದರಿಂದ, ಮುಂದೆ ಜಮೀನಿನ ಒಪ್ಪಂದದೊಡನೆಯೇ ಅದೂ ಮುಗಿಯಿತು. ಅಷ್ಟರೊಳಗೆ ಅವನ ತಾಯಿ ಎರಡು ದಿನ ಅನ್ನ ಬಿಟ್ಟಿದ್ದಳು.

ಕೋರ್ಟಿನ ಜಗಲಿಯಲ್ಲಿ ಕಾಯುತ್ತಿದ್ದ ದಿನಗಳಲ್ಲಿ ಬೇರೆಯವರ ಕಥೆಗಳೂ ಕಿವಿಗೆ ಬಿದ್ದುವು. ಗಂಡನು ಬಿಟ್ಟುಹೋದ ಹೆಂಗಸೊಬ್ಬಳು ಮಗುವಿನೊಡನೆ ಬಂದಿದ್ದಳು. ಜೀವನಾಂಶಕ್ಕಾಗಿ ಗಂಡನ ಊರಿಗೆ ಅಲೆಯಬೇಕಾಗಿಲ್ಲ, ತಾನಿರುವ ಊರಿನಲ್ಲಿಯೇ ಅರ್ಜಿ ಕೊಡಬಹುದೆಂಬುದು ಆಕೆಗೆ ತಿಳಿದುದು ಅಂದೇ. ಹೊಡೆತ ಬಡಿತಗಳಿದ್ದರೆ 2005ರ ಕೌಟುಂಬಿಕ ಹಿಂಸೆಯ ಕಾಯಿದೆಯಂತೆ, ಮನೆ ಗಂಡನ ಹೆಸರಿನಲ್ಲಿದ್ದರೂ ಅದರಲ್ಲಿ ವಾಸಿಸುವ ಹಕ್ಕನ್ನು ಕೇಳಬಹುದು. ಗೌರಿಬಿದನೂರಿನಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು, ಈಗ ಅದೇ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದಾರೆ. 2007ರ ಹಿರಿಯ ನಾಗರಿಕರ ಕಾಯಿದೆಯಂತೆ, ಪೋಷಿಸಬೇಕೆಂಬ ಕರಾರಿನ ಮೇಲೆ ಕೊಟ್ಟ ದಾನವನ್ನು, ಪೋಷಿಸದಿದ್ದರೆ ರದ್ದುಮಾಡಿಸಬಹುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬೇಕು. ಅವರ ಪತ್ರದಲ್ಲಿ ಆ ಕರಾರೇ ಇಲ್ಲ. ಮಗನ ಮೇಲೆ ನಂಬಿಕೆಯಿಲ್ಲವೆಂದು ತೋರೀತೆಂದು ಬರೆಯಿಸಲಿಲ್ಲವಂತೆ.

ಲೋಕ ಅದಾಲತ್ತಿನಲ್ಲಿ ಎರಡು ಸಲ ಕುಳಿತರು. ಮೊದಲನೆಯ ಸಲ ಹಿರಿಯಣ್ಣನು ತಂಗಿಯ ಮುಖವನ್ನು ನೋಡಲಿಲ್ಲ. “ನಿನ್ನ ಮದುವೆಗೆ ಸಾಲ ಮಾಡಿ ಹತ್ತು ವರ್ಷ ಗೂಡು ಮಾರಿ ತೀರಿಸಿದೆನಲ್ಲ, ಅದರ ಪಾಲು ಯಾರಿಗೆ?” ಎಂದು ಕೇಳಿದನು. ನ್ಯಾಯವಾದ ಪ್ರಶ್ನೆಯೇ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹುಳುವಿಗೆ ರೋಗ ಬಂದ ವರ್ಷ ರೈತನ ಮುಖ ಹೇಗಿರುತ್ತದೆಂಬುದನ್ನು ಕಂಡವರು ಅವನನ್ನು ಲೋಭಿಯೆಂದು ಬೈಯಲಾರರು. ಎರಡನೆಯ ಸಲ ಆಕೆಯೇ ಬಾಯಿ ತೆರೆದಳು: ತೋಟ ಬೇಡ, ಕೊಳವೆಬಾವಿ ಅವನು ತೋಡಿಸಿದ್ದು, ಬೆದ್ದಲಿನಲ್ಲಿ ಮೂವತ್ತು ಗುಂಟೆ ಸಾಕು. ವಕೀಲರು ಆಕೆಯನ್ನು ಹೊರಗೆ ಕರೆದು, ಇದು ನ್ಯಾಯವಾದ ಪಾಲಿಗಿಂತ ಕಡಮೆ, ಅದಾಲತ್ತಿನ ಐತೀರ್ಪು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮಾನ, ಅದರ ಮೇಲೆ ಅಪೀಲಿಲ್ಲ, ಒಪ್ಪಲೇಬೇಕೆಂಬ ಬಲವಂತವೂ ಇಲ್ಲ ಎಂದು ಮೂರು ಸಲ ತಿಳಿಯಹೇಳಿದರು, ತೆಲುಗಿನಲ್ಲಿಯೂ ಹೇಳಿದರು. “ಗೊತ್ತಾಯಿತಮ್ಮ, ಗೊತ್ತಿದ್ದೇ ಬಿಡ್ತಾ ಇದೀನಿ” ಎಂದು ರುಜು ಹಾಕಿದಳು. ನನಗೆ ಬೇಕಾಗಿದ್ದುದು ಆ ಮಾತು.

ಗೌರಿಹಬ್ಬಕ್ಕೆ ಬಾಗಿನ ಬಂದಿತು. ಹಿರಿಯಣ್ಣನು ತರಲಿಲ್ಲ, ತಮ್ಮನು ತಂದನು.

ಆ ಹಬ್ಬದ ಮರುದಿನ ನಾನು 1996ರ ಪತ್ರದ ನಕಲನ್ನು ಪೆಟ್ಟಿಗೆಯಿಂದ ತೆಗೆದು ಅದೇ ವಕೀಲರಿಗೆ ತೋರಿಸಿದೆನು. ರಿಜಿಸ್ಟರಾದ ಪತ್ರ, ಇಷ್ಟು ವರ್ಷಗಳ ಮೇಲೆ ಅಲ್ಲಗಳೆಯುವುದು ಕಷ್ಟ. ಆದರೆ ನೀವೇ ಕೊಡುವುದಾದರೆ ನಿಮ್ಮ ಪಾಲಿಗೆ ಬಂದುದರಿಂದ ದಾನಪತ್ರ ಮಾಡಿಕೊಡುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ ಎಂದರು. ತಂಗಿಯ ಮನೆಗೆ ಹೋಗಿ ವಿಷಯವನ್ನು ಹೇಳಿದೆನು. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆನು. ಅವಳು ಕೇಳಿ, “ಈಗ ಯಾಕಣ್ಣ ಇದೆಲ್ಲ?” ಎಂದು ಕಾಫಿ ಮಾಡಲು ಒಳಗೆ ಹೋದಳು. ಕರಡು ಸಿದ್ಧವಾಗಿದೆ. ಅವಳು ಇನ್ನೂ ಹೂಂ ಎಂದಿಲ್ಲ.