ಮುಂಡಗೋಡಿನ ಟಿಬೆಟನ್ನರೂ ಕ್ಷಯರೋಗವೂ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಸಂಚರಿಸುವವರು ಹೊಲಗಳ ನಡುವೆ ಟಿಬೆಟನ್ನರ ಹಳ್ಳಿಗಳನ್ನು ಕಾಣುತ್ತಾರೆ. 1959ರಿಂದ ತಾಯ್ನಾಡನ್ನು ತೊರೆದು ಬಂದ ನಿರಾಶ್ರಿತರಿಗಾಗಿ 1966ರಲ್ಲಿ ಈ ವಸಾಹತು ಏರ್ಪಟ್ಟಿತು. ಗಾಂಡೆನ್ ಮತ್ತು ಡ್ರೆಪುಂಗ್ ಮಹಾವಿಹಾರಗಳು ಇಲ್ಲಿಯೇ ಮತ್ತೆ ತಲೆಯೆತ್ತಿದವು. ಭಾರತದಲ್ಲಿ ನೆಲೆಸಿದ ಟಿಬೆಟನ್ನರಲ್ಲಿ ಕ್ಷಯರೋಗವು ಬಹಳ ಹೆಚ್ಚೆಂಬುದನ್ನು ವೈದ್ಯರು ದಶಕಗಳಿಂದ ಗಮನಿಸಿದ್ದಾರೆ.

ಬಂದವರು ರೋಗವನ್ನೂ ಹೊತ್ತು ತಂದರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಮೊದಲು ಬಂದವರಲ್ಲಿ ಅನೇಕರು ಹಿಮಾಲಯದ ರಸ್ತೆ ಕಾಮಗಾರಿಗಳಲ್ಲಿ ದುಡಿಯುತ್ತ, ಇಕ್ಕಟ್ಟಾದ ಡೇರೆಗಳಲ್ಲಿ ಅರೆಹೊಟ್ಟೆಯಲ್ಲಿ ಬಾಳಿದರು. ಕ್ಷಯಾಣುವು ರೋಗಿಯ ಕೆಮ್ಮಿನಿಂದ ಗಾಳಿಗೆ ಸೇರುವುದು. ಹಲವರು ಒಂದೇ ಕೋಣೆಯಲ್ಲಿ ಮಲಗುವ ವಿದ್ಯಾರ್ಥಿನಿಲಯವಾಗಲಿ ವಿಹಾರವಾಗಲಿ ಅದಕ್ಕೆ ಅನುಕೂಲವೇ. ಸೋಂಕು ತಗುಲಿದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ ಎಂದಾದರೊಮ್ಮೆ ರೋಗಿಗಳಾಗುತ್ತಾರೆ. ಮಿಕ್ಕವರಲ್ಲಿ ಅಣುವು ಸುಪ್ತವಾಗಿರಬಲ್ಲದು.

ಇನ್ನು ಚಿಕಿತ್ಸೆಯ ಮಾತು. ಔಷಧವು ಸಾಮಾನ್ಯವಾಗಿ ಆರು ತಿಂಗಳು ನಡೆಯಬೇಕು. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧ. ಇಷ್ಟೇಕೆ? ಶ್ವಾಸಕೋಶದ ಒಂದು ಕುಹರದಲ್ಲಿ ಹತ್ತು ಕೋಟಿ ಕ್ಷಯಾಣುಗಳು ಇರಬಹುದು. ಐಸೋನಿಯಜಿಡ್ ಎಂಬ ಔಷಧಕ್ಕೆ ಜಗ್ಗದ ಅಣು ಸುಮಾರು ಹತ್ತು ಲಕ್ಷದಲ್ಲಿ ಒಂದರಂತೆ ತಾನಾಗಿಯೇ ಹುಟ್ಟಿರುತ್ತದೆ. ರಿಫಾಂಪಿಸಿನ್‌ಗೆ ಜಗ್ಗದ್ದು ಸುಮಾರು ಹತ್ತು ಕೋಟಿಯಲ್ಲಿ ಒಂದು. ಒಂದೇ ಔಷಧ ಕೊಟ್ಟರೆ ಮೊಂಡ ಅಣುಗಳು ಉಳಿದು ಬೆಳೆಯುತ್ತವೆ. ಎರಡಕ್ಕೂ ಒಮ್ಮೆಗೇ ಜಗ್ಗದ ಅಣು ಅತಿ ವಿರಳ. ಕೆಲವು ವಾರಗಳಲ್ಲಿ ಜ್ವರವಿಳಿದು ಹಸಿವು ಮರಳಿದಾಗ ರೋಗಿಯು ಔಷಧ ಬಿಟ್ಟರೆ, ಉಳಿದ ಅಣುಗಳು ಮತ್ತೆ ಹೆಚ್ಚುವುವು. ಬಿಟ್ಟು ಬಿಟ್ಟು ಸೇವಿಸಿದರೆ ಮೊಂಡ ಅಣುಗಳಿಗೇ ಮೇಲುಗೈ. ಅವು ನೆರೆಯವರಿಗೂ ಹರಡಬಲ್ಲವು. ನೆರೆಯವನು ಟಿಬೆಟನ್ನನೋ ಕನ್ನಡಿಗನೋ ಎಂದು ಅವು ಕೇಳುವುದಿಲ್ಲ.

ಆದುದರಿಂದ ಚಿಕಿತ್ಸೆಯ ಖರ್ಚು ಯಾರದೆಂಬುದು ರೋಗಿಯೊಬ್ಬನ ಚಿಂತೆಯಷ್ಟೇ ಅಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಕ್ಷಯದ ಔಷಧವು ಉಚಿತ. ಆದರೆ ಪ್ರಯಾಣ, ತಪ್ಪಿದ ದುಡಿಮೆ, ಇತರ ಕಾಯಿಲೆಗಳ ವೆಚ್ಚ ಇದ್ದೇ ಇವೆ. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು ಸಹಿ ಮಾಡಿಲ್ಲ; ಭಾರತೀಯ ಪೌರತ್ವವಿಲ್ಲದ ಟಿಬೆಟನ್ನರು ವಿದೇಶೀಯರ ನೋಂದಣಿ ಪತ್ರ ಹೊಂದಿ ವಾಸಿಸುತ್ತಾರೆ. ನಾಗರಿಕರಿಗೆಂದೇ ರೂಪಿಸಿದ ಯೋಜನೆಗಳ ಬಾಗಿಲಲ್ಲಿ ಇಂಥ ಪತ್ರ ಸಾಲದೆ ಹೋಗಬಹುದು. 2012ರಲ್ಲಿ ಟಿಬೆಟನ್ ಆಡಳಿತವು ಸದಸ್ಯರ ವಂತಿಗೆಯಿಂದ ನಡೆಯುವ ಆರೋಗ್ಯ ವಿಮೆಯೊಂದನ್ನು ಆರಂಭಿಸಿತು. ಕೇಂದ್ರ ಸರ್ಕಾರದ 2014ರ ಪುನರ್ವಸತಿ ನೀತಿಯು ಕಲ್ಯಾಣ ಯೋಜನೆಗಳನ್ನು ಇವರಿಗೂ ವಿಸ್ತರಿಸುವಂತೆ ರಾಜ್ಯಗಳಿಗೆ ಸೂಚಿಸಿತು.

ಮತ್ತೊಂದು ತೊಡಕು ಋತುಮಾನದ್ದು. ಚಳಿಗಾಲದಲ್ಲಿ ಅನೇಕ ಟಿಬೆಟನ್ ಕುಟುಂಬಗಳು ದೂರದ ಪಟ್ಟಣಗಳಿಗೆ ಹೋಗಿ ಉಣ್ಣೆಯ ಸ್ವೆಟರ್ ಮಾರುತ್ತವೆ. ಅಂಗಡಿ ಬಿಟ್ಟು ಬರಲಾಗದ ರೋಗಿಯ ಔಷಧವು ನಡುವೆ ನಿಲ್ಲುವ ಭಯ ಆಗಲೇ ಹೆಚ್ಚು. 2012ರಲ್ಲಿ ಬಂದ ನಿಕ್ಷಯ್ ಎಂಬ ಗಣಕ ದಾಖಲೆಯಲ್ಲಿ ರೋಗಿಯ ಹೆಸರಿದ್ದರೆ, ಮುಂಡಗೋಡಿನಲ್ಲಿ ಶುರುವಾದ ಚಿಕಿತ್ಸೆಯನ್ನು ಆತನು ತಂಗಿದ ಊರಿನ ಆರೋಗ್ಯ ಕೇಂದ್ರವು ಮುಂದುವರಿಸಬಹುದು.