ಅವರ ಹೊಸ್ತಿಲಲ್ಲಿ ನಾವು

ಮಗಳು ಶಾಲೆಯಿಂದ ಪ್ರವಾಸದ ಚೀಟಿ ತಂದಿದ್ದಾಳೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್. ಕೆಳಗೆ ನಿಮ್ಮ ಸಹಿ ಬೇಕು. ‘ಉಮ್ಮಾ, ನಾನು ಒಳಗೆ ಹೋಗಬಹುದಾ, ಹೊರಗೇ ನಿಲ್ಲಬೇಕಾ?’ ಎಂದು ಕೇಳಿದರೆ ಏನು ಹೇಳುತ್ತೀರಿ? ಬೇಡವೆಂದರೆ ಗೆಳತಿಯರೆಲ್ಲ ಒಳಗಿರುವಾಗ ಅವಳೊಬ್ಬಳೇ ಬಸ್ಸಿನ ಬಳಿ ನಿಲ್ಲುತ್ತಾಳೆ. ಎಲ್ಲರಂತೆ ನೀನೂ ಮಾಡು ಎಂದರೆ ನೀವೇ ಕಲಿಸಿದ ತೌಹೀದ್‌ಗೆ ಅರ್ಥವಿಲ್ಲ.

ಈ ಪ್ರಶ್ನೆ ಹೊಸದಲ್ಲ. ನಜ್ರಾನ್‌ನ ಕ್ರೈಸ್ತ ನಿಯೋಗ ಮದೀನಾಕ್ಕೆ ಬಂದಾಗ ಪ್ರವಾದಿ(ಸ) ಅವರನ್ನು ಬರಮಾಡಿಕೊಂಡದ್ದು ಮಸೀದಿಯಲ್ಲೇ. ತಮ್ಮ ಪ್ರಾರ್ಥನೆಯ ಸಮಯವಾದಾಗ ಅವರು ಅಲ್ಲೇ ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸಿದರು, ಪ್ರವಾದಿ(ಸ) ಅದಕ್ಕೆ ಅವಕಾಶ ಕೊಟ್ಟರು ಎಂದು ಇಬ್ನು ಇಸ್‌ಹಾಕ್‌ರ ಚರಿತ್ರೆಯಲ್ಲಿದೆ. ಕ್ರಿ.ಶ. 638ರ ಸುಮಾರಿಗೆ ಹ. ಉಮರ್(ರ) ಜೆರುಸಲೇಮ್‌ಗೆ ಹೋದಾಗಿನ ಘಟನೆಯನ್ನೂ ನೀವು ಕೇಳಿರಬಹುದು. ನಮಾಝ್‌ನ ವೇಳೆಯಾದಾಗ ಪವಿತ್ರ ಸಮಾಧಿಯ ಚರ್ಚ್‌ನೊಳಗೇ ನಿರ್ವಹಿಸುವಂತೆ ಧರ್ಮಗುರು ಸೊಫ್ರೋನಿಯಸ್ ಕೋರಿದರು. ಖಲೀಫರು ಹೊರಗೆ ಬಂದು ನಮಾಝ್ ಮಾಡಿದರು. ಉಮರ್ ಇಲ್ಲಿ ನಮಾಝ್ ಮಾಡಿದ್ದರೆಂಬ ನೆಪದಲ್ಲಿ ಮುಂದೊಂದು ದಿನ ಮುಸ್ಲಿಮರು ಈ ಚರ್ಚನ್ನೇ ಕಸಿದುಕೊಂಡಾರು ಎಂಬುದು ಅವರ ಆತಂಕವಾಗಿತ್ತು. ಆ ಚರ್ಚ್‌ನ ಬಾಗಿಲ ಹೊಣೆ ಇಂದಿಗೂ ಜೂದೆ ಮತ್ತು ನುಸೈಬಾ ಎಂಬ ಎರಡು ಮುಸ್ಲಿಮ್ ಕುಟುಂಬಗಳದ್ದು.

ಇನ್ನೊಂದು ಘಟನೆ ಅಷ್ಟಾಗಿ ಕೇಳಿಬರುವುದಿಲ್ಲ. ಸಿರಿಯಾದ ಕ್ರೈಸ್ತರು ಹ. ಉಮರ್‌(ರ)ರಿಗೆ ಚರ್ಚ್‌ನಲ್ಲಿ ಔತಣ ಏರ್ಪಡಿಸಿದ್ದರು. ಉಮರ್(ರ) ಹೋಗಲಿಲ್ಲ. ಬದಲಾಗಿ ಹ. ಅಲಿ(ರ)ಯವರನ್ನು ಜನರೊಂದಿಗೆ ಕಳುಹಿಸಿದರು. ಅಲಿ(ರ) ಒಳಹೊಕ್ಕು, ಊಟ ಮಾಡಿ, ಅಲ್ಲಿನ ಚಿತ್ರಗಳನ್ನು ನೋಡಿ, ಅಮೀರುಲ್ ಮೂಮಿನೀನ್ ಬಂದಿದ್ದರೆ ಏನಾಗುತ್ತಿತ್ತು ಎಂದರಂತೆ. ಇಬ್ನು ಕುದಾಮಾ ‘ಅಲ್ ಮುಗ್ನಿ’ಯಲ್ಲಿ ಇದನ್ನು ಉಲ್ಲೇಖಿಸಿದ್ದಾರೆ. ಇಬ್ಬರು ಮಹಾನ್ ಸಹಾಬಿಗಳು, ಎರಡು ನಿಲುವು. ವಿದ್ವಾಂಸರಲ್ಲೂ ಈ ಭಿನ್ನಾಭಿಪ್ರಾಯ ಉಳಿದಿದೆ. ಆದ್ದರಿಂದ ಹೋಗದವರನ್ನು ಸಂಕುಚಿತರೆಂದೂ ಹೋದವರನ್ನು ದಾರಿ ತಪ್ಪಿದವರೆಂದೂ ಜರೆಯುವುದು ಬೇಡ.

ಹೋಗುವುದಾದರೆ ಆ ಮನೆಯ ಮರ್ಯಾದೆಯಂತೆ ಹೋಗಬೇಕು. ಬಸದಿಗೆ ಚರ್ಮದ ವಸ್ತು ಒಯ್ಯಬಾರದು. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಹೆಣ್ಣು ಗಂಡೆನ್ನದೆ ತಲೆ ಮುಚ್ಚಿಕೊಳ್ಳಬೇಕು. ನಮ್ಮ ಹೆಣ್ಣುಮಕ್ಕಳಿಗೆ ಇದು ಕಷ್ಟವೇನಲ್ಲ, ಗಂಡಸರೇ ಕರವಸ್ತ್ರ ಹುಡುಕಬೇಕು! ಚರ್ಚ್‌ನಲ್ಲಿ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬಾರದು, ಅದು ಅವರ ವಿಶ್ವಾಸಿಗಳಿಗೆ ಮಾತ್ರ. ಕೆಲವು ದೇವಾಲಯಗಳಲ್ಲಿ ಅನ್ಯಧರ್ಮೀಯರಿಗೆ ಪ್ರವೇಶವಿಲ್ಲ. ಬೋರ್ಡು ಕಂಡರೆ ವಾದಿಸದೆ ಹಿಂದಿರುಗಿ.

ತೀರ್ಥ, ಪ್ರಸಾದ, ಆರತಿ ಎದುರಾದಾಗಲೇ ನಿಜವಾದ ಇಕ್ಕಟ್ಟು. ಗೌರವ ಬೇರೆ, ಆರಾಧನೆಯಲ್ಲಿ ಪಾಲ್ಗೊಳ್ಳುವುದು ಬೇರೆ. ಮುಖ ಸಿಂಡರಿಸದೆ, ಭಾಷಣ ಬಿಗಿಯದೆ, ‘ನಮ್ಮಲ್ಲಿ ಇದಿಲ್ಲ, ಬೇಸರಿಸಬೇಡಿ’ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದರೆ ಸಾಕು. ರಂಝಾನ್‌ನಲ್ಲಿ ನಿಮ್ಮ ಉಪವಾಸಕ್ಕೆ ಗೌರವ ಕೊಡುವ ನೆರೆಮನೆಯವರಿಗೆ ಇದು ಅರ್ಥವಾಗುತ್ತದೆ. ಆದರೆ ಅಲ್ಲಿ ಮೌನವಾಗಿದ್ದು, ಹೊರಬಂದ ಮೇಲೆ ಮಕ್ಕಳ ಮುಂದೆ ಮೂರ್ತಿಗಳ ಬಗ್ಗೆ ತಮಾಷೆ ಮಾಡುವವರೂ ಇದ್ದಾರೆ. ಇತರರು ಆರಾಧಿಸುವುದನ್ನು ನಿಂದಿಸಬಾರದೆಂದು ಅಲ್‌ಅನ್‌ಆಮ್ ಅಧ್ಯಾಯದ 108ನೇ ಸೂಕ್ತ ನೇರವಾಗಿ ತಡೆದಿದೆ. ಮನೆಗೆ ಮರಳುವ ಕಾರಿನೊಳಗೂ ಅದು ಅನ್ವಯಿಸುತ್ತದೆ.

ಇನ್ನೊಂದು ಮಾತು ಕೇಳಲೇಬೇಕು. ಪಕ್ಕದ ಮನೆಯ ಹಿಂದೂ ಸಹೋದರಿ ನಿಮ್ಮ ಮೊಹಲ್ಲಾದ ಮಸೀದಿ ನೋಡಬೇಕೆಂದರೆ ಕರೆದೊಯ್ಯುತ್ತೀರಾ? ಈಗ ಅಲ್ಲಲ್ಲಿ ಮಸೀದಿ ದರ್ಶನ ಕಾರ್ಯಕ್ರಮಗಳು ನಡೆಯುತ್ತಿವೆ, ಸಂತೋಷ. ಆದರೆ ಎಷ್ಟೋ ಮಸೀದಿಗಳಲ್ಲಿ ನಮಗೇ ಕಾಲಿಡಲು ಜಾಗವಿಲ್ಲ. ಒಳಗೆ ಹೇಗಿದೆಯೆಂದು ಅವಳು ಕೇಳಿದರೆ ವಿವರಿಸಲು ನಾವೇ ಕಂಡಿರುವುದಿಲ್ಲ.

ಇರಲಿ, ಚೀಟಿಗೆ ಸಹಿ ಹಾಕಿ. ಒಳಗೆ ಹೋಗು, ಗಲಾಟೆ ಮಾಡಬೇಡ, ಗರ್ಭಗುಡಿಯ ಕಡೆ ಎಷ್ಟು ದೂರ ಹೋಗಬಹುದೆಂದು ಅಲ್ಲಿಯವರನ್ನೇ ಕೇಳು, ಕೈ ಮುಗಿಯಬೇಕಾಗಿಲ್ಲ ಎಂದು ಹೇಳಿ ಕಳುಹಿಸಿ. ಚರ್ಮದ ಪರ್ಸ್ ಬದಲು ಬಟ್ಟೆಯ ಚೀಲ ಕೊಡಿ. 1430ರಲ್ಲಿ ಕಟ್ಟಿದ ಆ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಸಂಜೆ ಬಂದ ಮೇಲೆ ಅದು ನಿಜವೇ ಎಂದು ಅವಳನ್ನೇ ಕೇಳಿ.