ಕೈಗೆಟುಕುವ ದೂರದಲ್ಲಿ ರಾಕ್

ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದನ್ನು ಊರಿನ ರಾಕ್ ಪ್ರಿಯರು ಇನ್ನೂ ಮರೆತಿಲ್ಲ. ಆದರೆ ಅಂಥ ಬಯಲಲ್ಲಿ ವೇದಿಕೆಯಿಂದ ನೂರು ಮೀಟರ್ ಹಿಂದೆ ನಿಂತವರಿಗೆ ಡ್ರಮ್ ಕೋಲು ಬೀಳುವುದು ಮೊದಲು ಕಾಣುತ್ತದೆ, ಏಟು ಆಮೇಲೆ ಕೇಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ತಡ. ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ.

ಇಂದಿರಾನಗರವೋ ಕೋರಮಂಗಲವೋ, ಇನ್ನೂರು ಮುನ್ನೂರು ಜನ ಹಿಡಿಸುವ ಮಹಡಿಯ ಹಾಲ್‌ನಲ್ಲಿ ಈ ತಡ ಗೊತ್ತೇ ಆಗುವುದಿಲ್ಲ. ಬೇಸ್ ಗಿಟಾರಿನ ತಂತಿ ಮೀಟಿದ ಕ್ಷಣಕ್ಕೇ ನಿಮ್ಮ ಎದೆಗೂಡು ಅದುರುತ್ತದೆ.

ಸ್ವರಾತ್ಮ ತಂಡವನ್ನು ನೋಡಬೇಕಾದದ್ದು ಇಂಥ ಕಡೆಯೇ. 2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ತಂಡದ ಗಾಯಕ ವಾಸು ದೀಕ್ಷಿತ್ ನಮ್ಮ ಜಾತ್ರೆಯ ಕೀಲುಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಕುಣಿಯುತ್ತ ಹಾಡಿದವರು. ದೊಡ್ಡ ಉತ್ಸವದಲ್ಲಿ ಆ ಕುದುರೆ ದೂರದ ಒಂದು ಬಣ್ಣದ ಚುಕ್ಕೆ. ಸಣ್ಣ ಹಾಲ್‌ನಲ್ಲಿ ಅದರ ಝಾಲರು ಮುಂದಿನ ಸಾಲಿನವರ ಮೊಣಕಾಲಿಗೆ ತಾಗುತ್ತದೆ. ವೇದಿಕೆಯ ಅಂಚಿಗೆ ಟೇಪಿನಲ್ಲಿ ಅಂಟಿಸಿದ ಹಾಡುಗಳ ಪಟ್ಟಿಯನ್ನು ತಲೆ ಬಗ್ಗಿಸಿ ಓದಬಹುದು; ಮುಂದಿನದು ‘ಈ ಭೂಮಿ’ ಎಂದು ಗೊತ್ತಾದವರು ಪಕ್ಕದವರ ಭುಜ ತಟ್ಟುತ್ತಾರೆ. ಗಿಟಾರ್ ವಾದಕನ ಕಾಲು ಪೆಡಲ್ ಒತ್ತಿದ್ದೂ ದನಿ ಒರಟಾದದ್ದೂ ಒಟ್ಟೊಟ್ಟಿಗೆ. ಹಾಡು ಮುಗಿದ ಮೇಲೆ ವಯಲಿನ್ ಶ್ರುತಿ ಮಾಡಿಕೊಳ್ಳುವ ಸಣ್ಣ ಸದ್ದೂ ಕೇಳಿಸುತ್ತದೆ. ರೆಕಾರ್ಡಿನಲ್ಲಿ ಅದನ್ನೆಲ್ಲ ತೆಗೆದುಹಾಕಿರುತ್ತಾರೆ. ನನಗೆ ಮಾತ್ರ ಹಾಡಿನಷ್ಟೇ ಅದೂ ಬೇಕು, ಏಕೆಂದರೆ ಇದನ್ನು ಮನುಷ್ಯರು ಈಗ, ಇಲ್ಲಿ, ಕೈಯಾರೆ ಮಾಡುತ್ತಿದ್ದಾರೆ ಎಂಬುದು ಮನಸ್ಸಿಗೆ ಇಳಿಯುವುದು ಅಲ್ಲೇ.

ವಾಸು ಅವರ ಅಣ್ಣ, ಮೈಸೂರಿನ ರಘು ದೀಕ್ಷಿತ್, ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ವನ್ನು ಗಿಟಾರಿಗೆ ಕೂರಿಸಿ 2008ರ ಆಲ್ಬಂನಲ್ಲಿ ಹಾಡಿದರು. ಇಂಗ್ಲಿಷ್ ರಾಕ್ ಕೇಳುತ್ತ ಬೆಳೆದ ಹುಡುಗ ಹುಡುಗಿಯರು ಹತ್ತೊಂಬತ್ತನೇ ಶತಮಾನದ ತತ್ವಪದಕ್ಕೆ ದನಿಗೂಡಿಸುವುದು ಸಣ್ಣ ಮಾತಲ್ಲ.

ಇಂಗ್ಲಿಷಿನಲ್ಲೇ ಹಾಡುವ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಬೆಂಗಳೂರಿನದೇ ತಂಡ. ಅದರ ಗಾಯಕ, ಗಿಟಾರ್ ವಾದಕ ಬ್ರೂಸ್ ಲೀ ಮಣಿ ಬೆರಳಲ್ಲಿ ಒಂದು ಲಯ, ಬಾಯಲ್ಲಿ ಇನ್ನೊಂದು ಲಯ ಹಿಡಿದು ನುಡಿಸುತ್ತ ಹಾಡುವಾಗ ಹತ್ತಿರದಿಂದ ಅವರ ಎಡಗೈಯನ್ನೇ ನೋಡಬೇಕು.

ಆದರೆ ಇಂಥ ಜಾಗಗಳೇ ಉಳಿಯುತ್ತಿಲ್ಲ.  ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಸಾರ್ವಜನಿಕ ಮನರಂಜನೆಗೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಪರವಾನಗಿ ಕೇಳತೊಡಗಿದಾಗ ಹಲವು ಪಬ್‌ಗಳಲ್ಲಿ ಗಿಟಾರಿನ ಸದ್ದೇ ಅಡಗಿತು. ಅದಕ್ಕೆ ಬೇಕಾದ ಕಟ್ಟಡದ ಸ್ವಾಧೀನಾನುಭವ ಪತ್ರವೇ ಇಲ್ಲದವರು ಪರವಾನಗಿ ತರುವುದೆಲ್ಲಿಂದ? ಅಕ್ಕಪಕ್ಕದ ಮನೆಯವರ ನಿದ್ದೆಯೂ ಮುಖ್ಯ, ಅಗ್ನಿ ಸುರಕ್ಷತೆಯೂ ಮುಖ್ಯ. ಇದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಂತ ಹಾಡು ಕಟ್ಟುವ ನಾಲ್ಕು ಜನರ ತಂಡಕ್ಕೂ ಡಿಸ್ಕೊತೆಕ್‌ಗೂ ಒಂದೇ ಅಳತೆ ಹಿಡಿಯುವುದು ತಪ್ಪು. ಸಣ್ಣ ಸಭಾಂಗಣಗಳಿಗೆ ಸರಳವಾದ ಬೇರೆ ಪರವಾನಗಿ ಕೊಡುವುದನ್ನು ಸರ್ಕಾರ ಯೋಚಿಸಬೇಕು. ಹೊಸ ಹಾಡೊಂದು ನಿಲ್ಲುತ್ತದೋ ಬೀಳುತ್ತದೋ ಎಂದು ತಂಡಕ್ಕೆ ತಿಳಿಯುವುದು ಇನ್ನೂರು ಜನರ ಮುಖದಲ್ಲಿ. ಅಲ್ಲಿ ಪಳಗದೆ ಯಾರೂ ನೇರವಾಗಿ ಮೈದಾನಕ್ಕೆ ಹೋಗಲಾರರು.

ಓದುಗರ ಕೈಯಲ್ಲೂ ಸ್ವಲ್ಪ ಇದೆ. ನಿಮ್ಮ ಮೆಚ್ಚಿನ ತಂಡ ಹತ್ತಿರದಲ್ಲೆಲ್ಲಾದರೂ ನುಡಿಸುತ್ತಿದ್ದರೆ ಪಾಸ್ ಕೇಳಬೇಡಿ, ಟಿಕೆಟ್ ಕೊಂಡು ಹೋಗಿ. ಅವರಿಗಿಂತ ಮೊದಲು ನುಡಿಸುವ ಹೆಸರಿಲ್ಲದ ಹುಡುಗರ ಹೊತ್ತಿಗೇ ತಲುಪಿ, ಮುಂದೆ ಬಂದು ನಿಂತು ಕೇಳಿ.